ಬಿಸಿಲಿನಲ್ಲಿ ಇಬ್ಬರಿಗೊಂದು ಕೊಡೆ

"ತಂಗಿ, ಚೂರು ಆಚಿಗೆ ಸರಿಯೆ" ಎನ್ನುತ್ತ ಗುರುತಿಲ್ಲದ ಹೆಂಗಸೊಬ್ಬರು ನನ್ನ ಕೊಡೆಯೊಳಗೆ ನುಗ್ಗಿದರು. ಬೆಳಿಗ್ಗೆ ಯಲ್ಲಾಪುರದ ಬಸ್ಸು ಹಿಡಿಯಲು ಕಾಡಿನ ದಾರಿಯಲ್ಲಿ ಹೊರಟಿದ್ದೆ. ಮರಗಳಿಂದ ಟಪಟಪ ಹನಿ ಬೀಳುತ್ತಿತ್ತು. ಜೂನ್‌ನಿಂದ ಕೈಗೆ ಅಂಟಿದ ಅಭ್ಯಾಸ, ಸದ್ದು ಕೇಳಿದ್ದೇ ಕೊಡೆ ಬಿಚ್ಚಿದ್ದೆ. ಈ ವರ್ಷ ಮಳೆ ಮುಗಿಯುವುದೇ ಇಲ್ಲವೆಂದು ಇಬ್ಬರೂ ಬೈಯುತ್ತ, ಮೈಗೆ ಮೈ ತಾಗಿಸಿಕೊಂಡು ನಡೆದೆವು.

ಕಾಡು ಮುಗಿದು ಡಾಂಬರು ರಸ್ತೆ ಬಂತು. ನೋಡಿದರೆ ಎಳೆ ಬಿಸಿಲು, ತೊಳೆದಿಟ್ಟಂಥ ನೀಲಿ ಆಕಾಶ. ರಸ್ತೆ ಒಣಗಿ ಬೆಳ್ಳಗಾಗಿತ್ತು. ಮಾತಾಡಿದರೆ ಬಾಯಿಂದ ಹೊಗೆ ಬರುವಷ್ಟು ಚಳಿ. ನಾವು ಮಳೆಯೆಂದುಕೊಂಡದ್ದು ಎಲೆಗಳಿಂದ ಉದುರುತ್ತಿದ್ದ ಇಬ್ಬನಿ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ನಾಚಿಕೆಯಾಗಿ ಕೊಡೆ ಮಡಚಲು ಹೋದರೆ ಆ ಹೆಂಗಸು ನನ್ನ ಕೈ ಹಿಡಿದರು.

"ಮಡಚಡ ಮಾರಾಯ್ತಿ. ಈಗ ಮಡಚಿದ್ರೆ ನಾವು ಬೇಸ್ತು ಬಿದ್ದಿದ್ದು ಅವಕ್ಕೆಲ್ಲ ಗೊತ್ತಾಗ್ತು."

ಹಾಗಾಗಿ ಗಂಭೀರ ಮುಖ ಹೊತ್ತು, ಅಷ್ಟೂ ಜನರ ನಡುವೆ ಕೊಡೆ ಹಿಡಿದೇ ನಿಂತೆವು. ಬಸ್ಸು ಬಂದಾಗ ಕಂಡಕ್ಟರ್, "ಒಳಗ ಸೋರೂದಿಲ್ರಿ, ಮಡಚ್ರಿ" ಎಂದರು. ಅಲ್ಲಿಯವರೆಗೆ ತಡೆದಿದ್ದ ನಗು ಒಡೆದುಹೋಯಿತು. ಟಿಕೆಟ್ ಕೇಳಲೂ ಬಾಯಿ ಬರದಷ್ಟು ನಕ್ಕೆವು.

ಮರುದಿನ ಕೊಡೆಯನ್ನು ಮನೆಯಲ್ಲೇ ಬಿಟ್ಟು, ಸ್ವೆಟರ್ ಹಾಕಿಕೊಂಡು ಹೊರಟೆ. ಕಾಡಿನ ತಿರುವಿನಲ್ಲಿ, ಟಪಟಪ ಇಬ್ಬನಿಯ ಕೆಳಗೆ, ಅವರು ತಮ್ಮ ಕೊಡೆ ಬಿಚ್ಚಿಕೊಂಡು ನನಗಾಗಿ ಕಾಯುತ್ತಿದ್ದರು.