ಗಾಳದಂಗಡಿಯಲ್ಲಿ ಆಡಿದ ಸುಳ್ಳು

ಹಿಂದೂಪುರದಲ್ಲಿ ಗಾಳದ ಸಾಮಾನು ಮಾರುತ್ತಿದ್ದ ಅಂಗಡಿಯವರು ಮೊದಲು ಮಗ್ಗದಲ್ಲಿ ಸೀರೆ ನೇಯ್ದವರು. ಸಮುದ್ರದ ಅಂಜಲ್ ಮೀನಿಗೆಂದು ನನಗೆ ಗಟ್ಟಿ ಕೋಲು, ದೊಡ್ಡ ರೀಲು ಆರಿಸಿದರು. ದಾರದ ತುದಿ ನನ್ನ ಕೈಗೆ ಕೊಟ್ಟು, "ನೀನೇ ಮೀನು ಅನ್ಕೊಂಡು ಎಳಿ," ಎಂದರು. ಬಾಗಿಲಿನವರೆಗೂ ದಾರ ಬಿಚ್ಚಿಕೊಂಡಿತು. "ರೀಲಿನ ಬ್ರೇಕ್ ಬಿಗಿ ಮಾಡ್ಬ್ಯಾಡ ಕಣಪ್ಪ, ಮೀನು ಓಡಾಕೆ ಬಿಡು." ಎಲ್ಲ ಗಿರಾಕಿಗಳಿಗೂ ಅವರದು ಇದೇ ಮಾತು.

ಗೆಳೆಯರೊಡನೆ ಸಮುದ್ರಕ್ಕೆ ಹೋಗಿ ದೋಣಿಯಲ್ಲಿ ಮೀನು ಕಚ್ಚಿದಾಗ, ಅವರ ಮುಂದೆ ಪೌರುಷ ತೋರಿಸಲು ನಾನು ಬ್ರೇಕ್ ಬಿಗಿ ಮಾಡಿದೆ. ದಾರ ಕಡಿದು ಮೀನು ಹೋಯಿತು. ಮರುವಾರ ತುಂಬಿದ ಅಂಗಡಿಯಲ್ಲಿ ರೀಲನ್ನು ಮುಂದಿಟ್ಟು, "ನೀವ್ ಕೊಟ್ಟ ದಾರನೇ ವೇಸ್ಟು," ಎಂದು ರೇಗಿದೆ.

ಅವರು ಕಡಿದ ತುದಿಯನ್ನು ನೂಲು ಬಲ್ಲ ಬೆರಳಲ್ಲಿ ನೀವಿ ನೋಡಿದರು. ನನ್ನ ಮುಖವನ್ನೂ ನೋಡಿದರು.

"ಸರ್ಲೇ, ಆಯ್ತು, ತಪ್ಪು ನಂದೇ ಬಿಡಪ್ಪ," ಎಂದು ಹೊಸ ದಾರ ಸುತ್ತಿಕೊಟ್ಟರು.

ಅದನ್ನು ತೆಗೆದುಕೊಂಡೇ ನಮ್ಮೂರು ಕಲ್ಯಾಣದುರ್ಗದ ಬಸ್ ಹತ್ತಿದೆ.