ತೊಳೆಯಲ್ಲ ಎಂದ ಉಜ್ಜಮ್ಮ

ನಮ್ಮ ಆಸ್ಪತ್ರೆಯಲ್ಲಿ ಡಾಕ್ಟರಿಗೆ ಹೆದರದ ರೋಗಿಗಳಿದ್ದಾರೆ, ಉಜ್ಜಮ್ಮನಿಗೆ ಹೆದರದವರು ಯಾರೂ ಇಲ್ಲ. ಆಕೆಗೆ ಬೇರೆ ಹೆಸರೊಂದಿದೆ, ಅದು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಇಪ್ಪತ್ತೆರಡು ವರ್ಷದಿಂದ ಈ ಎರಡಂತಸ್ತಿನ ಕಟ್ಟಡದ ನೆಲ, ಗೋಡೆ, ಕಿಟಕಿ, ಪಾಯಿಖಾನೆಗಳನ್ನು ಉಜ್ಜುತ್ತಾ ಬಂದವಳು. ಕೆಸರು ಬೂಟಿನಲ್ಲಿ ಬಂದ ಪೊಲೀಸ್ ಅಧಿಕಾರಿಯನ್ನು ಬಾಗಿಲಲ್ಲೇ ತಡೆದು, ಬೂಟು ಬಿಚ್ಚಿಸಿ ಒಳಗೆ ಬಿಟ್ಟವಳು. ನಾನು ಇಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡುವವಳು. ಆಕೆ ನನಗೆ ಇಟ್ಟ ಹೆಸರು ಸೂಜಿ. ನನ್ನ ಮೇಜಿನ ಮೇಲೆ ಒಂದು ಹನಿ ಏನಾದರೂ ಬಿದ್ದಿದ್ದರೆ, "ಏ ಸೂಜಿ, ಇದೇನು ನಿಮ್ಮತ್ತೆ ಮನೇನಾ?" ಎನ್ನುತ್ತಾಳೆ. ನನಗೆ ಮದುವೆಯೇ ಆಗಿಲ್ಲ. ಹಾಗೆಂದು ಹೇಳುವ ಧೈರ್ಯವೂ ಇಲ್ಲ.

ಹೋದ ವರ್ಷ ಡಾಕ್ಟರು ರೋಗಿಗಳು ಕಾಯುವ ಹಾಲಿಗೆ ಬಣ್ಣ ಹೊಡೆಸಿದರು, ಹೊಸ ಕುರ್ಚಿ ಹಾಕಿಸಿದರು, ನಾಲ್ಕಡಿ ಉದ್ದದ ಮೀನಿನ ತೊಟ್ಟಿ ತರಿಸಿದರು. ಮೀನು ನೋಡುತ್ತಾ ಕುಳಿತರೆ ಬಿಪಿ ಇಳಿಯುತ್ತದೆ ಎಂದು ಎಲ್ಲೋ ಓದಿದ್ದರಂತೆ. ಬೆಳಿಗ್ಗೆ ತೊಟ್ಟಿ ಬಂತು, ಮಧ್ಯಾಹ್ನ ನೀರು ತುಂಬಿತು, ಸಂಜೆಗೆ ಮೂವತ್ತಾರು ಗೋಲ್ಡ್‌ಫಿಶ್ ಬಂದಿಳಿದವು. ಮೀನಿನಂಗಡಿಯವನು, "ಮೊದಲು ನಾಲ್ಕು ಸಾಕು ಸಾರ್, ನೀರು ಹದಕ್ಕೆ ಬರ್ಲಿ" ಎಂದದ್ದನ್ನು ನಾನೇ ಕೇಳಿದ್ದೇನೆ. "ನಾಲ್ಕು ಮೀನು ಯಾರಿಗೆ ಕಾಣುತ್ತೆ? ತುಂಬಿಸಿ" ಎಂದರು ಡಾಕ್ಟರು. ರೋಗಿಗಳಿಗೆ ದಿನವಿಡೀ ತಾಳ್ಮೆ ಬೋಧಿಸುವ ಮನುಷ್ಯ ಇವರು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಮೊದಲ ವಾರ ಡಾಕ್ಟರು ಗಳಿಗೆಗೊಮ್ಮೆ ಹೊರಗೆ ಬಂದು ಮೀನಿಗೆ ಕಾಳು ಹಾಕಿದರು. ರೋಗಿಗಳೇನು ಕಡಿಮೆಯೇ? ಅವರು ಬಿಸ್ಕತ್ತು ಹಾಕಿದರು.

ತೊಟ್ಟಿಯ ಶುಚಿತ್ವ ಉಜ್ಜಮ್ಮನ ಪಾಲಿಗೆ ಬಂತು. ಆಕೆ ಅದನ್ನು ಆಪರೇಷನ್ ಕೋಣೆಯ ಹಾಗೆ ನೋಡಿಕೊಂಡಳು. ಗಾಜು ಫಳಫಳ. ಫಿಲ್ಟರಿನೊಳಗಿನ ಸ್ಪಾಂಜನ್ನು ದಿನಾ ತೆಗೆದು, ಬಿಸಿನೀರಿನಲ್ಲಿ ಹಿಂಡಿ ಹಿಂಡಿ ತೊಳೆದು, ಬಿಸಿಲಿಗೆ ಒಣಹಾಕಿ, ಹತ್ತಿಯಂತೆ ಬಿಳಿಯಾದ ಮೇಲೆ ವಾಪಸ್ ಇಡುತ್ತಿದ್ದಳು. ಐದನೆಯ ದಿನ ಎರಡು ಮೀನು ಸತ್ತವು, ಆರನೆಯ ದಿನ ನಾಲ್ಕು. ಉಳಿದವು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಆಕೆ ಇನ್ನಷ್ಟು ತೊಳೆದಳು. ಒಂಬತ್ತನೆಯ ದಿನಕ್ಕೆ ಸತ್ತವು ಹದಿನೈದಾದವು.

ಅವತ್ತು ಹಾಲ್ ತುಂಬಾ ಜನ. ಡಾಕ್ಟರು ಹೊರಗೆ ಬಂದು, ತೇಲುತ್ತಿದ್ದ ಮೀನು ನೋಡಿ ಎಲ್ಲರಿಗೂ ಕೇಳುವ ಹಾಗೆ ಕೂಗಿದರು: "ಉಜ್ಜಮ್ಮ, ಫಿನಾಯಿಲ್ ಕೈಯನ್ನೇ ತೊಟ್ಟಿಗೆ ಹಾಕ್ತೀರಾ? ನನ್ನ ಮೀನನ್ನೆಲ್ಲ ಕೊಂದುಬಿಟ್ರಲ್ಲ!"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅಂಗಡಿಯವನ ಮಾತು ನನ್ನ ನಾಲಿಗೆ ತುದಿಗೆ ಬಂತು, ಅಲ್ಲೇ ಉಳಿಯಿತು. ನಾನು ಹೇಡಿ, ಒಪ್ಪಿಕೊಳ್ಳುತ್ತೇನೆ. ಉಜ್ಜಮ್ಮ ಹೇಡಿಯಲ್ಲ. ಮಾಪ್ ಗೋಡೆಗೆ ಒರಗಿಸಿ ಡಾಕ್ಟರ ಎದುರು ಬಂದು ನಿಂತಳು.

"ಡಾಕ್ಟ್ರೇ, ತೊಟ್ಟಿಗೆ ಕೈ ಹಾಕೋ ಮುಂಚೆ ನಾನು ಮೂರು ಸಲ ಕೈ ತೊಳೀತೀನಿ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೈಯಿಂದ ಒಂದು ಲೋಟ ಒಡೆದಿಲ್ಲ. ಒಂದು ತಿಂಗಳು ಕೊಡಿ. ಉಳಿದಿರೋ ಇಪ್ಪತ್ತೊಂದರಲ್ಲಿ ಒಂದು ಸತ್ರೂ ನಾನು ಕೆಲಸ ಬಿಟ್ಟು ಹೋಗ್ತೀನಿ. ಅಷ್ಟೂ ಬದುಕಿದ್ರೆ, ಎಲ್ಲರ ಮುಂದೆ ಆಡಿದ ಮಾತನ್ನ ಎಲ್ಲರ ಮುಂದೇನೇ ವಾಪಸ್ ತಗೋಬೇಕು."

"ಆಯ್ತು ಆಯ್ತು" ಎಂದು ಡಾಕ್ಟರು ಒಳಗೆ ಹೋದರು. ಅವರಿಗೆ ಅದು ಬಾಯಿಮಾತು. ಆಕೆಗೆ ಅಲ್ಲ.

ಹೇಳದೆ ಉಳಿದ ಮಾತು ನನ್ನನ್ನು ಚುಚ್ಚುತ್ತಿತ್ತು. ಸಂಜೆ ಮೀನಿನಂಗಡಿಗೆ ಹೋಗಿ ನೀರು ಪರೀಕ್ಷೆ ಮಾಡುವ ಪುಟ್ಟ ಕಿಟ್ ತಂದೆ. ಕೊಳವೆಯಲ್ಲಿ ನೀರು ಹಿಡಿದು ಹನಿ ಬಿಟ್ಟರೆ ಹಳದಿ ಬರಬೇಕು. ಕಡುಹಸಿರು ಬಂತು. ಅಮೋನಿಯಾ! ಮೀನುಗಳು ತಮ್ಮ ಉಚ್ಚೆಯಲ್ಲೇ ಉಸಿರಾಡುತ್ತಿದ್ದವು. ಇಷ್ಟು ತೊಳೆದ ತೊಟ್ಟಿಯಲ್ಲಿ ಅದೆಲ್ಲಿಂದ ಬಂತು ಎಂದು ನನಗೂ ಅರ್ಥವಾಗಲಿಲ್ಲ, ಉಜ್ಜಮ್ಮನಿಗೂ ಅರ್ಥವಾಗಲಿಲ್ಲ.

ರಸ್ತೆಯಾಚೆಯ ಕಟಿಂಗ್ ಶಾಪಿನಲ್ಲಿ ಹಳೆಯದೊಂದು ದೊಡ್ಡ ತೊಟ್ಟಿಯಿದೆ. ಹಿಂಬದಿಯ ಗಾಜಿನ ತುಂಬ ಪಾಚಿ, ಒಳಗೆ ಐದಾರು ಮೀನು. ಅದನ್ನು ನೋಡಿದಾಗಲೆಲ್ಲ ಉಜ್ಜಮ್ಮ ಮೂಗು ಮುರಿಯುತ್ತಿದ್ದಳು. ಆದರೆ ಆ ಮೀನುಗಳಿಗೆ ಏಳು ವರ್ಷ. ಮರುದಿನ ಅಲ್ಲಿಗೇ ಹೋದೆವು. ಕಟಿಂಗ್ ಶಾಪಿನ ಯಜಮಾನ ಒಬ್ಬರ ಗಡ್ಡಕ್ಕೆ ನೊರೆ ಹಚ್ಚುತ್ತಾ ಎಲ್ಲ ಕೇಳಿಸಿಕೊಂಡ. ತಾನು ದಿನಾ ಸ್ಪಾಂಜನ್ನು ಎಷ್ಟು ಬೆಳ್ಳಗೆ ತೊಳೆಯುತ್ತೇನೆ ಎಂದು ಉಜ್ಜಮ್ಮ ಹೆಮ್ಮೆಯಿಂದ ಹೇಳಿದಾಗ ಅವನ ಕೈ ನಿಂತಿತು.

"ಅಕ್ಕಾ, ತಪ್ಪು ತಿಳ್ಕೋಬೇಡಿ. ಆ ಸ್ಪಾಂಜಲ್ಲಿ ಕಣ್ಣಿಗೆ ಕಾಣದ ಜೀವ ಬೆಳೀಬೇಕು. ಮೀನಿನ ಹೊಲಸು ತಿಂದು ನೀರನ್ನ ಹಸನು ಮಾಡೋದು ಅವೇ. ಹೊಸ ತೊಟ್ಟೀಲಿ ಅವು ಇರಲ್ಲ, ಬೆಳೆಯೋಕೆ ತಿಂಗಳು ಬೇಕು. ಹಾಲಿಗೆ ಹೆಪ್ಪು ಹಾಕಿ, ದಿನಾ ಚೆಲ್ಲಿ ಪಾತ್ರೆ ಬೆಳಗಿದ್ರೆ ಮೊಸರಾಗುತ್ತಾ?"

ಉಜ್ಜಮ್ಮ ಖಾಲಿಯಿದ್ದ ಗಿರಾಕಿ ಕುರ್ಚಿಯಲ್ಲಿ ಕುಳಿತಳು. ಎದುರಿನ ಕನ್ನಡಿಯಲ್ಲಿ ಆಕೆಯ ಮುಖ ನನಗೆ ಕಾಣುತ್ತಿತ್ತು, ನೋಡಲಾಗಲಿಲ್ಲ.

"ಹಂಗಾದ್ರೆ ಕೊಂದಿದ್ದು ನಾನೇ" ಎಂದಳು.

"ನೀವೊಬ್ರೇ ಅಲ್ಲ" ಎಂದ ಅವನು. "ಹೊಸ ನೀರಿಗೆ ಮೂವತ್ತಾರು ಒಟ್ಟಿಗೆ ತುಂಬಿದ್ರೆ, ನೀವು ಮುಟ್ಟದೇ ಇದ್ರೂ ಸಾಯ್ತಿದ್ವು. ಆತುರಗಾರನಿಗೆ ಬುದ್ಧಿ ಮಟ್ಟ."

"ಸ್ಪಾಂಜಿನ ವಿಷಯ ಡಾಕ್ಟರಿಗೆ ಹೇಗೂ ಗೊತ್ತಿಲ್ಲ" ಎಂದೆ ನಾನು. "ಸುಮ್ಮನಿದ್ದುಬಿಡಿ."

ಆಕೆ ಎದ್ದು ಸೆರಗು ಸಿಕ್ಕಿಸಿ ಅವನ ಕಡೆ ತಿರುಗಿ, "ಅಣ್ಣಾ, ನಿನ್ನ ತೊಟ್ಟಿ ಹೊಲಸು ಅಂತ ಊರಿಗೆಲ್ಲ ಹೇಳ್ಕೊಂಡು ಬಂದಿದೀನಿ. ಆ ಹೊಲಸಲ್ಲೇ ಒಂಚೂರು ಕೊಡು" ಎಂದಳು. ಬೇಡುವಾಗಲೂ ಆಕೆಯ ತಲೆ ಬಾಗಲಿಲ್ಲ. ಅವನು ನಗುತ್ತಾ ತನ್ನ ಫಿಲ್ಟರಿನ ಸ್ಪಾಂಜನ್ನು ಅರ್ಧ ಕತ್ತರಿಸಿ, ಕಂದು ನೀರು ಸೋರುತ್ತಿದ್ದ ಹಾಗೆಯೇ ಡಬ್ಬಿಗೆ ಹಾಕಿ ಕೊಟ್ಟ. ನಮ್ಮ ಹತ್ತು ಮೀನುಗಳನ್ನು ತನ್ನ ತೊಟ್ಟಿಗೆ ಬಿಟ್ಟುಕೊಳ್ಳುತ್ತೇನೆ ಎಂದೂ ಒಪ್ಪಿದ. ಅವತ್ತೇ ಆ ಸ್ಪಾಂಜು ನಮ್ಮ ಫಿಲ್ಟರಿನೊಳಗೆ ಸೇರಿತು, ಹತ್ತು ಮೀನು ರಸ್ತೆ ದಾಟಿದವು.

ಆಮೇಲಿನ ನಾಲ್ಕು ವಾರ ಉಜ್ಜಮ್ಮ ಆಸ್ಪತ್ರೆಯವರಿಗೆಲ್ಲ ಯಮನಾದಳು. ನಲ್ಲಿ ನೀರಿನ ಕ್ಲೋರಿನ್ ಹಾರಿಹೋಗಲೆಂದು ಮೆಟ್ಟಿಲ ಕೆಳಗೆ ಎರಡು ಡ್ರಮ್ಮು ತುಂಬಿ ಒಂದು ದಿನ ಬಿಡುತ್ತಿದ್ದಳು. ದಿನಾ ಬೆಳಿಗ್ಗೆ ಪೈಪಿಟ್ಟು ತೊಟ್ಟಿಯ ಅರ್ಧ ನೀರು ಇಳಿಸಿ, ಡ್ರಮ್ಮಿನ ನೀರನ್ನು ಕೊಡದಲ್ಲಿ ಹೊತ್ತು ತಂದು ನಿಧಾನ ಸುರಿಯುತ್ತಿದ್ದಳು. ಕಾಳಿನ ಡಬ್ಬಿ ಡಾಕ್ಟರ ಮೇಜಿನಿಂದ ಆಕೆಯ ಬೀರುವಿಗೆ ಬಂದು ಬೀಗ ಹಾಕಿಸಿಕೊಂಡಿತು. ಎರಡು ದಿನಕ್ಕೊಮ್ಮೆ ಒಂದು ಚಿಟಿಕೆ, ಅಷ್ಟೇ. ಬಿಸ್ಕತ್ತಿನ ಪೊಟ್ಟಣ ತೆಗೆದವರ ಪಕ್ಕ ಹೋಗಿ, "ಯಾರಿಗದು? ನಿಮಗಾ, ಮೀನಿಗಾ?" ಎಂದು ಕೇಳುತ್ತಿದ್ದಳು. ಒಬ್ಬ ಹೆಂಗಸು ಗಾಬರಿಯಾಗಿ ಇಡೀ ಪೊಟ್ಟಣವನ್ನು ತಾನೇ ತಿಂದು ಮುಗಿಸಿದಳು. ಅವಳು ಬಂದಿದ್ದು ಸಕ್ಕರೆ ಕಾಯಿಲೆಗೆ!

ಎಲ್ಲದಕ್ಕಿಂತ ಕಷ್ಟದ ಕೆಲಸ ಸ್ಪಾಂಜನ್ನು ಮುಟ್ಟದೇ ಇರುವುದಾಗಿತ್ತು. ಅದು ದಿನದಿನಕ್ಕೆ ಕಂದಾಗಿ, ಅಂಟಂಟಾಗುತ್ತಿತ್ತು. ಆಕೆ ಅದರ ಮುಂದೆ ನಿಂತು ಕೈ ಹಿಸುಕಿಕೊಳ್ಳುವುದನ್ನು ಕಂಡಿದ್ದೇನೆ. ಕೈ ತಡೆಯದೆ ಬಂದು ನನ್ನ ಮೇಜನ್ನು ನಾಲ್ಕು ಸಲ ಒರೆಸಿ ಹೋದದ್ದೂ ಉಂಟು. ಪಂತ ಕಟ್ಟಿದ ಹನ್ನೊಂದನೆಯ ದಿನ ನೀರೆಲ್ಲ ಹಾಲು ಕಲೆಸಿದ ಹಾಗೆ ಬೆಳ್ಳಗಾಯಿತು. ಉಬ್ಬುಗಣ್ಣಿನ ಕಪ್ಪು ಮೀನೊಂದು ತಳದಲ್ಲಿ ಮಲಗಿಬಿಟ್ಟಿತು. ಅಮೋನಿಯಾ ಇಳಿದಿತ್ತು, ಆದರೆ ನೈಟ್ರೈಟ್ ಎಂಬ ಇನ್ನೊಂದು ವಿಷ ಏರಿತ್ತು. ನನ್ನ ಕೊಳವೆ ಕಡುನೇರಳೆಗೆ ತಿರುಗಿತ್ತು. ತೊಟ್ಟಿ ಖಾಲಿ ಮಾಡಿ ತೊಳೆದುಬಿಡಿ ಎಂದು ನರ್ಸುಗಳೆಲ್ಲ ಹೇಳಿದರು. ಉಜ್ಜಮ್ಮ ಆ ದಿನದಿಂದ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೀರು ಬದಲಿಸಿದಳು, ಸ್ಪಾಂಜ್ ಮುಟ್ಟಲಿಲ್ಲ. ನಾಲ್ಕನೆಯ ದಿನ ಕಪ್ಪು ಮೀನು ಎದ್ದು ಈಜಿತು. ಆಕೆ ಅದಕ್ಕೆ, "ಎದ್ಯಾ, ಸೋಮಾರಿ?" ಎಂದು ಬೈದು, ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

ಮೂವತ್ತನೆಯ ದಿನ ಬಂತು. ಡಾಕ್ಟರಿಗೆ ಲೆಕ್ಕ ಮರೆತಿತ್ತು. ಹನ್ನೊಂದು ಗಂಟೆಗೆ ಹಾಲ್ ತುಂಬಿದ್ದಾಗ ಒಬ್ಬ ರೋಗಿ ಫಿಲ್ಟರ್ ತೋರಿಸಿ, "ಆಸ್ಪತ್ರೇಲೇ ಇಷ್ಟು ಗಲೀಜಾ?" ಎಂದು ದೂರಿದ. ಡಾಕ್ಟರು ಬಂದು ಮುಚ್ಚಳ ಎತ್ತಿ ನೋಡಿ ಮುಖ ಕಿವುಚಿದರು.

"ಥೂ, ಏನಿದು ಅಸಹ್ಯ! ಉಜ್ಜಮ್ಮ, ಇದನ್ನ ಈಗಲೇ ತೊಳೆದು ಬೆಳ್ಳಗೆ ಮಾಡಿ."

"ತೊಳೆಯಲ್ಲ."

ಹಾಲಿನಲ್ಲಿ ಕೆಮ್ಮುತ್ತಿದ್ದವರೂ ಕೆಮ್ಮು ನಿಲ್ಲಿಸಿದರು. ಉಜ್ಜಮ್ಮನ ಬಾಯಲ್ಲಿ ಆ ಮಾತು ಯಾರೂ ಕೇಳಿರಲಿಲ್ಲ.

"ಹಾಗಾದ್ರೆ ನಾನೇ ತೊಳೀತೀನಿ" ಎಂದು ಡಾಕ್ಟರು ಕೈ ಚಾಚಿದರು. ಉಜ್ಜಮ್ಮ ತೊಟ್ಟಿಗೆ ಮಾಪ್ ಅಡ್ಡ ಹಿಡಿದಳು.

"ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ, ಡಾಕ್ಟ್ರೇ. ಇದನ್ನ ಬೆಳೆಸೋಕೆ ತಿಂಗಳು ಬೇಕಾಯ್ತು. ಇದನ್ನ ತೊಳೆದ್ರೆ ಮೀನು ಮತ್ತೆ ಸಾಯ್ತವೆ. ನಂಗೆ ಹೇಗೆ ಗೊತ್ತು ಅಂದ್ರೆ, ಆವತ್ತು ಸಾಯ್ಸಿದ್ದು ನಾನೇ." ಆಕೆ ಹಾಲಿನ ಕಡೆ ತಿರುಗಿದಳು. "ಎಲ್ರೂ ಕೇಳಿಸ್ಕೊಳ್ಳಿ. ಫಿನಾಯಿಲ್‌ನಿಂದ ಅಲ್ಲ. ದಿನಾ ಈ ಸ್ಪಾಂಜನ್ನ ಉಜ್ಜಿ ಉಜ್ಜಿ ಕೊಂದೆ. ಗೊತ್ತಿಲ್ದೆ ಮಾಡ್ದೆ, ಆದ್ರೂ ಮಾಡಿದ್ದು ನಾನೇ. ಸೂಜಿ, ನಿನ್ನ ಕೊಳವೆ ತಗೊಂಡು ಬಾ."

ಎಲ್ಲರ ಮುಂದೆ ನೀರು ಹಿಡಿದು ಹನಿ ಬಿಟ್ಟೆ. ಒಂದು ಕೊಳವೆ ಹಳದಿ, ಇನ್ನೊಂದು ತಿಳಿನೀಲಿ. ಎರಡು ವಿಷವೂ ಸೊನ್ನೆ.

"ಇಲ್ಲಿ ಹನ್ನೊಂದು, ಕಟಿಂಗ್ ಶಾಪಲ್ಲಿ ಹತ್ತು. ಎಣಿಸ್ಕೊಳ್ಳಿ" ಎಂದಳು ಉಜ್ಜಮ್ಮ. "ಇವತ್ತಿಗೆ ತಿಂಗಳಾಯ್ತು. ನನ್ನ ಪಾಲಿಂದು ನಾನು ಹೇಳ್ದೆ. ನಿಮ್ಮ ಪಾಲಿಂದು ನೀವು ಹೇಳಿ."

ಡಾಕ್ಟರು ಫಿಲ್ಟರಿನ ಮುಚ್ಚಳವನ್ನು ಮೆಲ್ಲಗೆ ವಾಪಸ್ ಮುಚ್ಚಿದರು. ಆಗ ನನ್ನ ಬಾಯಿಂದ ಮಾತು ಹೊರಬಿತ್ತು, ತಿಂಗಳು ತಡವಾಗಿ: "ಅಂಗಡಿಯವನು ನಾಲ್ಕೇ ಸಾಕು ಅಂದಿದ್ದ ಡಾಕ್ಟ್ರೇ. ನಾನು ಅಲ್ಲೇ ಇದ್ದೆ."

ಡಾಕ್ಟರು ಅಲ್ಲೇ ಇದ್ದ ರೋಗಿಗಳ ಕುರ್ಚಿಯೊಂದರಲ್ಲಿ ಕುಳಿತರು. "ಮೂವತ್ತಾರು ತುಂಬಿಸಿದ್ದು ನಾನೇ. ಫಿನಾಯಿಲ್ ಅಂದಿದ್ದು ತಪ್ಪಾಯ್ತು" ಎಂದರು, ಮೆಲ್ಲಗೆ.

"ಹಿಂದಿನ ಸಾಲಿಗೆ ಕೇಳಿಸ್ಲಿಲ್ಲ" ಎಂದಳು ಉಜ್ಜಮ್ಮ.

ಡಾಕ್ಟರು ಅದನ್ನೇ ಗಟ್ಟಿಯಾಗಿ ಇನ್ನೊಮ್ಮೆ ಹೇಳಿದರು. ಆಕೆ ತಲೆಯಾಡಿಸಿ, ಮಾಪ್ ಅನ್ನು ಬಕೆಟ್ಟಿಗೆ ಅದ್ದಿ ಹಿಂಡಿದಳು.

"ಕಾಲೆತ್ತಿ ಡಾಕ್ಟ್ರೇ, ನೆಲ ಒರೆಸ್ಬೇಕು."

ಡಾಕ್ಟರು ಎರಡೂ ಕಾಲು ಎತ್ತಿಕೊಂಡು ಕುಳಿತರು.