ಚಿಕ್ಕಮ್ಮನ ಪುಟ್ಟ ಆಂಪ್ಲಿಫೈಯರ್

ಅಂಧೇರಿಯ ರಿಪೇರಿ ಅಂಗಡಿಯೊಂದರಲ್ಲಿ ಇವತ್ತು ಹಳೆ ರೇಡಿಯೊದ ಬಿಸಿ ಗಾಜಿನ ವಾಲ್ವಿನ ಮೇಲಿನ ಧೂಳಿನ ವಾಸನೆ ಬಂತು; ಆಂಟಾಪ್ ಹಿಲ್‌ನ ನಮ್ಮ ಹಳೆಯ ಮನೆ ಕಣ್ಮುಂದೆ ನಿಂತಿತು.

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದ ಚಿಕ್ಕಮ್ಮ ತಾನೇ ಬೆಸುಗೆ ಹಾಕಿ ಪುಟ್ಟ ವಾಲ್ವ್ ಆಂಪ್ಲಿಫೈಯರ್ ಮಾಡಿದ್ದಳು. ಅಪ್ಪ ತಂದ ಹೊಸ ಸ್ಪೀಕರಿಗೆ ಅದನ್ನು ಜೋಡಿಸಿದಾಗ ಹಾಡು ಗಂಟಲು ಕಟ್ಟಿದಂತೆ ಕೇಳಿತು.

"ಇದಕ್ಕೆ ದಮ್ಮಿಲ್ಲ, ಗುಜರಿಗೆ ಹಾಕುವ," ಎಂದರು ಅಪ್ಪ.

"ದಮ್ಮು ಕಡಿಮೆಯೇ ಭಾವ. ಇದಕ್ಕೆ ಹೊಂದುವ ಸ್ಪೀಕರ್ ನಾನು ತರ್ತೇನೆ," ಎಂದಳು ಚಿಕ್ಕಮ್ಮ.

ಭಾನುವಾರ ಅವಳು ಥಿಯೇಟರಿನವರು ತೆಗೆದುಹಾಕಿದ್ದ, ಸಣ್ಣ ಶಕ್ತಿಗೂ ಅದುರುವ ಹಗುರ ಕಾಗದದ ಪರದೆಯ ಅಗಲ ಸ್ಪೀಕರ್ ತಂದು ಕೂಡಿಸಿದಳು. ಆಂಪ್ಲಿಫೈಯರಿನ ಅಷ್ಟೇ ಶಕ್ತಿಗೆ ಮನೆಯೆಲ್ಲ ಹಾಡಿನಿಂದ ತುಂಬಿತು. ಅಪ್ಪ ರೆಕಾರ್ಡ್ ಮುಗಿಯುವವರೆಗೂ ಅಲುಗಾಡದೆ ಕುಳಿತು, "ಇನ್ನೊಂದು ಬದಿ ಹಾಕು ಮಾರಾಯ್ತಿ," ಎಂದರು.

ಇವತ್ತು ಸಂಜೆ ಚಿಕ್ಕಮ್ಮನಿಗೆ ಫೋನ್ ಮಾಡಿ, "ಅವತ್ತು ಅಪ್ಪನ ಎದುರು ದಮ್ಮು ಕಡಿಮೆ ಅಂತ ಒಪ್ಪಿಕೊಳ್ಳಲಿಕ್ಕೆ ಹೆದರಿಕೆ ಆಗ್ಲಿಲ್ವಾ?" ಎಂದು ಕೇಳಿದೆ.

"ಎಂತ ಹೆದರಿಕೆ? ಕಟ್ಟಿದ್ದು ನಾನಲ್ವಾ, ಅದರ ದಮ್ಮು ಎಷ್ಟು ಅಂತ ನಂಗೆ ಗೊತ್ತಿತ್ತು," ಎಂದಳು.